ಮಣೂಕ ಮಾರಿ ಕೊಳ್ಳೋ ಡಿಗ್ರಿ

ಆಗ ನನಗ ಅರವತ್ತೆಂಟು. ಎರಡು ವರ್ಷದ ಹಿಂದಿನ ಮಾತು. ಮೊಮ್ಮಗಳು ಹನ್ನೆರಡನೇದು ಪಾಸಾಗಿದ್ದಳು, ಕಾಮರ್ಸಿನಾಗ, ನೂರಕ್ಕ ಎಂಬತ್ತೊಂದು. ಪೇಢೆ ಹಂಚಿದ ಮೂರನೇ ದಿನ ನನ್ನ ಮಗ, ಅಂದ್ರ ಆಕಿ ಅಪ್ಪ, ಪಡಸಾಲ್ಯಾಗ ಕುಂತು ತೀರ್ಪು ಕೊಟ್ಟ. ರಾಜ್ಯದ ಗಡಿ ಆಚೆ, ಮರಾಠಿ ಸೀಮ್ಯಾಗಿನ ದೊಡ್ಡ ಕಾಲೇಜಿನಾಗ ಬಿಬಿಎಗೆ ಸೀಟು ಸಿಕ್ಕರ ಹುಡುಗಿ ಓದತಾಳ, ಇಲ್ಲಂದ್ರ ಶ್ರಾವಣ ಕಳದ ಮ್ಯಾಲೆ ವರ ನೋಡೋದು. ಮೂರನೇ ಹಾದಿ ಇಲ್ಲ ಅಂದ. ಆಕಿಗೆ ಹದಿನೆಂಟು ತುಂಬಾಕ ಇನ್ನೂ ಎರಡು ತಿಂಗಳಿತ್ತು.

ಸೀಟಿಗೆ ರೊಕ್ಕ ಬೇಕು. ಮಗನ ರೊಕ್ಕೆಲ್ಲ ಮನಿ ಮ್ಯಾಲೆ ಮನಿ ಕಟ್ಟಾಕ ಹೋಗಿತ್ತು. ಸ್ಲ್ಯಾಬ್ ಹಾಕಿಸಿ, ಟೈಲ್ಸ್ ಹಚ್ಚಿಸಿದ್ದ, ಮ್ಯಾಲೆ ಯಾರು ಇರತಾರಪಾ ಅಂತ ಕೇಳಿದ್ರ ಟೈಲ್ಸಿನ ರೇಟು ಹೇಳತಿದ್ದ. ಉಳಿದದ್ದು ನನ್ನ ಮಣೂಕ, ಒಣದ್ರಾಕ್ಷಿ. ಶೇಡಬಾಳದ ಹಾದಿಗೆ ನನ್ನ ಹೆಸರಿಲೆ ಎರಡು ಎಕರೆ ದ್ರಾಕ್ಷಿ ಐತಿ, ಗಂಡ ಸತ್ತ ಮ್ಯಾಲೆ ನನ್ನ ಹೆಸರಿಗೆ ಆದದ್ದು. ಆ ದ್ರಾಕ್ಷಿ ಶೆಡ್ಡಿನಾಗ ಒಣಗಿಸಿ, ಕಸ ಕಡ್ಡಿ ಆರಿಸಿ, ಮಣೂಕ ಬಾಕ್ಸಿಗೆ ತುಂಬಿ ಕೋಲ್ಡ್ ಸ್ಟೋರೇಜಿನಾಗ ಇಡತೀವಿ. ದೀಪಾವಳಿ ಮುಂದ ರೇಟು ಏರಿದಾಗ ತಗದು ಮಾರೋದು. ರಸೀದಿ ನನ್ನ ಹೆಸರಿಲೆ. ನಾನು ಸಹಿ ಮಾಡದ ಒಂದು ಬಾಕ್ಸೂ ಹೊರಗ ಬರಂಗಿಲ್ಲ. ಜೂನಿನಾಗ ಮಾರಿದ್ರ ಎಲ್ಲಾರ ಮಾಲೂ ಪ್ಯಾಟ್ಯಾಗ ಇರತೈತಿ, ಅವರು ಹೇಳಿದ ರೇಟಿಗೆ ಕೊಟ್ಟು ಕೈ ಮುಗದು ಬರಬೇಕು. ಆದ್ರ ಕಾಲೇಜಿನವರಿಗೆ ದೀಪಾವಳಿ ತನಕ ಕಾಯಾಕ ಪುರಸೊತ್ತಿಲ್ಲ.

ಕಾಲೇಜಿನ ಪರವಾಗಿ ಒಬ್ಬ ಮನಿಗೆ ಬಂದ. ಮಂದಿ ಮಕ್ಕಳಿಗೆ ಅಡ್ಮಿಷನ್ ಮಾಡಿಸಿಕೊಡೋದೇ ಅವನ ಕೆಲಸ. ಕಾಗವಾಡದಾಗ ಝೆರಾಕ್ಸ್ ಅಂಗಡಿ ಮ್ಯಾಲೆ ಒಂದು ಖೋಲಿ ಹಿಡಿದಿದ್ದ. ಒಂದು ಮಾತು ಕನ್ನಡ, ಒಂದು ಮಾತು ಮರಾಠಿ, ನಡುವ ಇಂಗ್ಲಿಷಿನ ಒಗ್ಗರಣಿ. ಅವಲಕ್ಕಿ ತಿಂದ, ಇನ್ನೊಂದಿಷ್ಟು ಹಾಕಿಸಿಕೊಂಡು ತಿಂದ, ಎರಡು ಸಲ ಚಹಾ ಕುಡದ. ಬಿಬಿಎ ಅಂದ್ರ ಏನೋ ಅಂತ ಕೇಳಿದೆ. ಧಂದೆ ಹೆಂಗ ಮಾಡಬೇಕು ಅಂತ ಕಲಿಸತಾರ ಅಜ್ಜಿ ಅಂದ. ನೀನೂ ಅದನ್ನ ಕಲತೀಯೇನು ಅಂದೆ. ಇಲ್ಲ, ನಾನು ಬಿಎ ಅಂದ. ಅದನ್ನ ಕಲಿಲಾರದ ನಿನ್ನ ಧಂದೆ ಚಲೋ ನಡದೈತಲ್ಲೋ ಅಂದೆ. ಸೊಸಿ ಅಡಗಿ ಮನ್ಯಾಗ ಸೆರಗು ಬಾಯಿಗೆ ಇಟ್ಟುಕೊಂಡಳು. ಮಗ ನನಗ ಕಣ್ಣು ತಗದ.

ವರ್ಷಕ್ಕ ತೊಂಬತ್ತು ಸಾವಿರ ಫೀ. ಮನಿ ಬಾಗಲಿಗೆ ಬರೋ ಬಸ್ಸಿಗೆ ಬ್ಯಾರೆ. ಕೋಟು ಟೈಗೆ ಬ್ಯಾರೆ. ಪುಣೆಗೆ ಕರಕೊಂಡು ಹೋಗಿ ಯಾವುದೋ ಕಂಪನಿ ಗೇಟು ತೋರಿಸಿಕೊಂಡು ಬರತಾರಂತ, ಅದಕ್ಕ ಬ್ಯಾರೆ. ಮೂರು ವರ್ಷಕ್ಕ ಮೂರೂವರಿ ಲಕ್ಷದ ಹತ್ತರ ಹೋಗತಿತ್ತು. ನಮ್ಮ ಬಿಸಲಾಗ ಕೋಟು ಯಾಕ ಅಂತ ಕೇಳಿದ್ದಕ್ಕ, ಕೋಟು ಹಾಕಿದ್ರ ಧೈರ್ಯ ಬರತೈತಿ ಅಂದ. ಆಮ್ಯಾಲೆ ಕಡೇ ಮಾತು ತಗದ. ಹುಡುಗ್ಯಾರಿಗೆ ಸರಕಾರ ಫೀ ಮಾಫಿ ಮಾಡೈತಿ, ನೀವು ಮೊದಲ ತುಂಬಬೇಕು ಅಷ್ಟ, ಆ ರೊಕ್ಕ ನಿಮ್ಮ ಖಾತೆಗೆ ತಿರುಗಿ ಬರತೈತಿ. ಈ ಮಾತಿಗೆ ನನ್ನ ಮಗ ಬಿದ್ದ. ಸೀಟು ಹಿಡಿಯಾಕ ಅಂತ ಅಲ್ಲೇ ಹತ್ತು ಸಾವಿರ ಎಣಿಸಿಕೊಟ್ಟ. ಹುಡುಗಿ ಮಾರ್ಕ್ಸ್ ಕಾರ್ಡು, ಟಿಸಿ, ಎಲ್ಲಾ ಅಸಲು ಕಾಗದ ಅವನ ಚೀಲಕ್ಕ ಹೋದವು. ಉಳಿದ ರೊಕ್ಕಕ್ಕ ಹದಿನೈದು ದಿನದ ವಾಯಿದೆ.

ಹೋಗಾಗ ಒಂದು ಮಿರಿಮಿರಿ ಮಿಂಚೋ ಪುಸ್ತಕ ಇಟ್ಟು ಹೋದ. ಅದರ ತುಂಬ ಕೋಟು ಹಾಕಿ ಕೈ ಕಟ್ಟಿ ನಿಂತ ಹುಡುಗ ಹುಡುಗ್ಯಾರ ಫೋಟೊ. ಕೆಳಗ ಹೆಸರು, ಊರು, ಮ್ಯಾನೇಜರು, ಎಕ್ಸಿಕ್ಯುಟಿವು ಅಂತ ಇಂಗ್ಲಿಷಿನಾಗ ಬರದಿತ್ತು. ಮೊಮ್ಮಗಳು ಓದಿ ಹೇಳಿದಳು. ನಮ್ಮ ಸೀಮಿಯವರು ಮೂರು ಮಂದಿ ಸಿಕ್ಕರು. ನಿಪ್ಪಾಣಿಯವ ಒಬ್ಬ, ಚಿಕ್ಕೋಡಿಯಾಕಿ ಒಬ್ಬಾಕಿ, ರಾಯಬಾಗದವ ಒಬ್ಬ.

ನಮ್ಮ ಕಡೆ ದ್ರಾಕ್ಷಿಗೆ ಕಲಂ ಕಟ್ಟಬೇಕಾದ್ರ, ಅಂದ್ರ ಕಸಿ ಮಾಡಬೇಕಾದ್ರ, ಒಂದು ರೂಢಿ ಐತಿ. ಮಾರಾವ ತಂದು ತೋರಿಸಿದ ಕಡ್ಡಿ ನೋಡಿ ಯಾರೂ ತಗೋಳಂಗಿಲ್ಲ. ಕಡ್ಡಿ ಎಲ್ಲಾ ಒಂದ ನಮೂನಿ ಕಾಣತಾವ. ಹಿಂದಕ ಯಾರ ತ್ವಾಟಕ್ಕ ಕೊಟ್ಟೀಯಪಾ ಅಂತ ಕೇಳಿಕೊಂಡು, ಹೇಳದ ಕೇಳದ ಆ ತ್ವಾಟಕ್ಕ ಹೋಗಿ, ಮೂರನೇ ವರ್ಷದ ಬಳ್ಳಿ ಹೆಂಗ ನಿಂತೈತಿ ನೋಡಿ ಬರಬೇಕು. ತ್ವಾಟದ ಮಾಲಕನ್ನ ಕೇಳಿದ್ರ ಅವ ತನ್ನ ಮರ್ಯಾದಿ ಉಳಿಸಿಕೊಳ್ಳಾಕ ಚಲೋ ಐತಿ ಅಂತನ ಹೇಳತಾನ. ಗೊಂಚಲು ನೋಡಬೇಕು. ನನ್ನ ಮಗ ಎರಡು ಎಕರೆ ಬಳ್ಳಿಗೆ ನಾಕು ಊರು ತಿರಗಿದಾವ. ಹೆತ್ತ ಮಗಳಿಗೆ ಒಂದು ಊರಿಗೂ ಹೋಗಲಿಲ್ಲ. ಅದಕ್ಕ ನಾನು ಹೊಂಟೆ. ಈಗ ಹೆಂಗಸರಿಗೆ ಬಸ್ಸು ಬಿಟ್ಟಿ. ಆಧಾರ್ ಕಾರ್ಡು ತೋರಿಸಿದ್ರ ನಿಪ್ಪಾಣಿಗೂ ಹೋಗಬಹುದು, ಬೆಳಗಾವಿಗೂ ಹೋಗಬಹುದು. ಯಾವ ಅಂಗಡಿ, ಯಾವ ಓಣಿ ಅಂತ ಮೊಮ್ಮಗಳು ಫೋನಿನಾಗ ಹುಡುಕಿ ಚೀಟಿ ಬರದುಕೊಟ್ಟಳು.

ನಿಪ್ಪಾಣಿ ಹುಡುಗ ಪುಸ್ತಕದಾಗ ಮ್ಯಾನೇಜರ್. ಖರೇ ನೋಡಿದ್ರ ಮೋಟರ್‌ಸೈಕಲ್ ಶೋರೂಮಿನ ಬಾಗಲದಾಗ ನಿಂತು ಬಂದವರಿಗೆ ತಂಪು ನೀರು ಕೊಡತಿದ್ದ. ಮೊಮ್ಮಗಗ ಗಾಡಿ ನೋಡಾಕ ಬಂದೀರೇನ್ರಿ ಆಯಿ ಅಂತ ಕೇಳಿದ. ನಿನ್ನ ನೋಡಾಕ ಬಂದೀನಿ ಅಂದೆ. ಪುಸ್ತಕ ತಗದು ಅವನ ಫೋಟೊ ತೋರಿಸಿದೆ. ಮುಖ ಸಣ್ಣದಾತು. ಆದ್ರ ಹುಡುಗ ಕೆಟ್ಟವಲ್ಲ, ಮೂಲಿಗೆ ಕರಕೊಂಡು ಹೋಗಿ ಕುರ್ಚಿ ಕೊಟ್ಟ. ಪಗಾರ ಹದಿಮೂರು ಸಾವಿರ. ಅಪ್ಪ ಕಟ್ಟಿದ ಫೀ ಗಳಿಸಾಕ ಇನ್ನೂ ಎಷ್ಟು ವರ್ಷ ಬೇಕು ಅಂತ ಕೇಳಿದ್ದಕ್ಕ, ಖೋಲಿ ಬಾಡಿಗಿ, ಊಟ, ಪೆಟ್ರೋಲು ತಗದು ಉಳಿಯೋದರಾಗ ಅದು ಆಗೋದಲ್ಲ ಅಂದ.

“ಆಯಿ, ನನ್ನ ಮ್ಯಾಲೆ ಇರಾವ ಹನ್ನೆರಡನೇದು ಫೇಲು,” ಅಂದ. “ನಾನು ಮೂರು ವರ್ಷ ಕಾಲೇಜಿನಾಗಿದ್ದೆ. ಅವ ಆ ಮೂರು ವರ್ಷ ಇಲ್ಲೇ ಇದ್ದ. ಅದಕ್ಕ ಅವ ಸೀನಿಯರ್.”

ಅಂದು ಅವ ನಕ್ಕ. ನನಗ ನಗು ಬರಲಿಲ್ಲ. ಒಬ್ಬ ಹುಡುಗನ ಫೋಟೊ ಹಾಕಿ ಸುಳ್ಳು ಬರದು, ಆ ಸುಳ್ಳು ತೋರಿಸಿ ಇನ್ನೊಬ್ಬರ ಮನ್ಯಾಗ ಅವಲಕ್ಕಿ ತಿಂದು ಹೋಗತಾರಲ್ಲ, ಇವರಿಗೆ ಏನನ್ನಬೇಕು. ಸಂತ್ಯಾಗ ಹಣ್ಣಿನ ಬುಟ್ಟಿ ಮ್ಯಾಲೆ ಚಲೋವು ಇಟ್ಟು ಕೆಳಗ ಕೊಳತದ್ದು ಇಡಾಕಿನ್ನ ನಾವು ಕಳ್ಳಿ ಅಂತೀವಿ. ಇವರು ಕೋಟು ಹಾಕಿದ್ದಕ್ಕ ಸರ್ ಅಂತೀವಿ.

ಚಿಕ್ಕೋಡಿ ಹುಡುಗಿ ಗಂಡನ ಮನಿನೂ ಅಲ್ಲೇ, ಕೋರ್ಟಿನ ಹಿಂದಿನ ಓಣ್ಯಾಗ. ಆಕಿ ಎಕ್ಸಿಕ್ಯುಟಿವು. ನೌಕರಿ ಮಾಡಿದ್ದು ಏಳು ತಿಂಗಳು, ಆಮ್ಯಾಲೆ ಲಗ್ನ. ಬಾಗಲಾಗ ಆಕಿ ಅತ್ತಿ ಸಿಕ್ಕಳು. ದೂರದ ಬೀಗರ ಕಡೆಯಾಕಿ ಅಂತ ಹೇಳಿ ಒಳಗ ಕುಂತೆ. ಪಡಸಾಲಿ ಗ್ವಾಡಿಗೆ ಹುಡುಗಿ ಕರೇ ನಿಲುವಂಗಿ ಹಾಕಿ ಪದವಿ ತಗೊಳ್ಳೋ ಫೋಟೊ, ಅದಕ್ಕ ಲೈಟು ಬ್ಯಾರೆ. ಸೊಸಿ ಬಿಬಿಎ ಅಂತ ಅತ್ತಿ ನನಗ ಮೂರು ಸಲ ಹೇಳಿದಳು. ಎಲ್ಲಿ ಕೆಲಸ ಮಾಡತಾಳ ಅಂದೆ. ಅಯ್ಯ, ನಮ್ಮ ಮನಿತನ ಅಂಥಾದ್ದಲ್ಲ, ಹೊರಗ ಕಳಸಂಗಿಲ್ಲ ಅಂದಳು. ಮತ್ತ ಯಾಕ ಬಿಬಿಎ ಅಂದೆ. ಡಿಗ್ರಿ ಇಲ್ಲದ ಹುಡುಗೀನ ಯಾರು ತರತಾರ್ರಿ ಅಂದಳು. ಇಷ್ಟು ಮಾತಾಡೋ ತನಕ ಆ ಹುಡುಗಿ ನಮ್ಮ ಮುಂದ ಕುಂತು ಶೇಂಗಾ ಸುಲಿತಿದ್ದಳು. ಆಕಿ ಬಗ್ಗೆ ಮಾತಾಡಾಕತ್ತೀವಿ ಅನ್ನೋದು ಆಕಿಗೆ ಕೇಳಿಸಿಯೇ ಇಲ್ಲ ಅನ್ನೋಹಂಗ. ಹೋಗಾಗ ಬಾಗಲ ತನಕ ಬಂದು, ಅತ್ತಿಗೆ ಕೇಳದಂಗ, ಬಾಯಿಪಾಠ ಮಾಡಿ ಬರದ್ವಿ ಆಯಿ, ಒಂದು ಅಕ್ಷರ ನೆನಪಿಲ್ಲ ಅಂದಳು. ಬರತೀನವ್ವ ಅಂತ ಬಂದೆ.

ಸುಳ್ಳು ಯಾಕ ಹೇಳಲಿ, ರಾಯಬಾಗದ ಹುಡುಗಗ ಬಿಬಿಎ ಉಪಯೋಗ ಆಗಿತ್ತು. ಅಪ್ಪಂದು ಗೊಬ್ಬರ, ಬೆಳಿಗೆ ಹೊಡಿಯೋ ಎಣ್ಣಿ ಔಷಧದ ದೊಡ್ಡ ಅಂಗಡಿ. ಮೊದಲ ಯಾವ ಮಾಲು ಎಷ್ಟು ಬಂತು, ಎಷ್ಟು ಹೋತು ಅನ್ನೋದು ಅಪ್ಪನ ತಲ್ಯಾಗ ಇರತಿತ್ತು. ಮಗ ಬಂದ ಮ್ಯಾಲೆ ಎಲ್ಲಾ ಕಂಪ್ಯೂಟರಿಗೆ ಹಾಕಿದ, ಹಳೇ ಮಾಲು ಮೂಲ್ಯಾಗ ಕೊಳಿಯೋದು ನಿಂತಿತು. ನೀರಿದ್ದ ಬಾವಿಗೆ ಮೋಟರು ಕೂಡಿಸಿದಂಗ. ಬಾವಿ ಇಲ್ಲದವರು ಮೋಟರು ತಗೊಂಡು ಏನು ಮಾಡಬೇಕು? ಅದನ್ನ ಅವಗೇ ಕೇಳಿದೆ. ಹುಡುಗ ಶಾಣ್ಯಾ. ಅಂಗಡಿ ಒಳಗ ಕೈ ಮಾಡಿ ತೋರಿಸಿದ. ಅಲ್ಲಿ ಒಬ್ಬ ಹುಡುಗಿ ಕಂಪ್ಯೂಟರ್ ಮುಂದ ಕುಂತಿದ್ದಳು. ಆಕಿ ಅಥಣಿ ಸರಕಾರಿ ಕಾಲೇಜಿನಾಗ ಬಿ.ಕಾಂ ಮಾಡಿದಾಕಿ, ಫೀ ಕೆಲವೇ ಸಾವಿರ. ಜಿಎಸ್‌ಟಿ ಲೆಕ್ಕ ನನಗಿಂತ ಆಕಿಗೇ ಚಲೋ ಬರತೈತಿ, ನಮ್ಮದು ಮುಗಿಸಿ ಇನ್ನ ನಾಕು ಅಂಗಡಿವು ಮಾಡತಾಳ ಅಂದ. ಆ ಹುಡುಗಿ ಎತ್ತಿದ ತಲಿ ಇಳಿಸಿ ಮತ್ತ ಕೆಲಸಕ್ಕ ಹತ್ತಿದಳು. ನನ್ನ ಕೂಡ ಮಾತಾಡಾಕ ಆಕಿಗೆ ಪುರಸೊತ್ತಿರಲಿಲ್ಲ.

ಮೂರು ಊರಿಂದ ಬಂದಾಗಲೂ ಶೆಡ್ಡಿನ ನೆರಳಾಗ ಕುಂತು ಮೊಮ್ಮಗಳಿಗೆ ಕಂಡದ್ದೆಲ್ಲ ಹೇಳಿದೆ. ಆಕಿ ಹೂಂ ಅಂತಿದ್ದಳು. ಇಂಥಾ ಕಾಲೇಜು ನನಗ ಬ್ಯಾಡ ಆಯಿ ಅಂತ ಅಂತಾಳ ಅಂತ ದಾರಿ ನೋಡಿದೆ. ಅನ್ನಲಿಲ್ಲ. ಹುಡುಗಿಗೆ ಕೋಟಿನ ಹುಚ್ಚು ಹಿಡಿದೈತಿ ಅಂತ ತಿಳಕೊಂಡು ಆಕಿ ಮ್ಯಾಲೂ ಸಿಟ್ಟಾದೆ.

ವಾಯಿದೆಗೆ ಎರಡು ದಿನ ಉಳಿದಾಗ ಮಗ ಕೋಲ್ಡ್ ಸ್ಟೋರೇಜಿಗೆ ಹೋಗೋಣ, ಸಹಿ ಮಾಡು ಅಂದ. ಮೊದಲ ಕಾಲೇಜು ನೋಡತೀನಿ ಅಂದೆ. ನೋಡಿ ಏನು ಮಾಡತಿ ಅಂದ. ನನ್ನ ಮಣೂಕ ಹೋಗಿ ಬೀಳೋ ಜಾಗ ನೋಡಬ್ಯಾಡೇನೋ ಅಂದೆ. ಹುಡುಗೀನ ಕರಕೊಂಡು ಹೊಂಟೆ. ಕಾಗವಾಡದ ತನಕ ಬಿಟ್ಟಿ ಬಂದೆವು. ಅಲ್ಲಿಂದ ಮುಂದಿನ ಬಸ್ಸಿನಾಗ ರೂಢಿ ಪ್ರಕಾರ ಆಧಾರ್ ಚಾಚಿದೆ. ಕಂಡಕ್ಟರ್ ಅದನ್ನ ನೋಡಲೇ ಇಲ್ಲ. ಆಯಿ, ಇದು ಗಡಿ ದಾಟೋ ಗಾಡಿ, ಇದರಾಗ ಬಿಟ್ಟಿ ನಡ್ಯಂಗಿಲ್ಲ, ಟಿಕೀಟು ತಗೋರಿ ಅಂದ.

ಟಿಕೀಟು ತಗೊಂಡೆ. ಆದ್ರ ಆ ಮಾತು ನನ್ನ ತಲ್ಯಾಗ ಕುಂತಿತು. ನನ್ನ ತವರು ಗಡಿ ಆಚೆ. ನನ್ನ ಮಗಳನ್ನ ಕೊಟ್ಟದ್ದು ಗಡಿ ಆಚೆ. ದವಾಖಾನಿ ಅಲ್ಲಿ, ಮಣೂಕದ ಪ್ಯಾಟಿ ಅಲ್ಲಿ, ಬೀಗತನ ಅಲ್ಲಿ. ಗಡಿ ಅಂದ್ರ ನಮಗ ಒಂದು ಬೋರ್ಡು ಅಷ್ಟ, ಈ ಕಡೆ ಒಂದು ಬರಹ, ಆ ಕಡೆ ಒಂದು ಬರಹ. ಅರವತ್ತೆಂಟು ವರ್ಷ ಅದರ ಕೆಳಗ ಹಾಯ್ದು ಹೋಗಿ ಬಂದೀನಿ, ಯಾವ ರಾಜ್ಯದಾಕಿ ಅಂತ ಒಬ್ಬನೂ ಕೇಳಿಲ್ಲ. ನಮ್ಮ ಸರಕಾರದ ಬಿಟ್ಟಿ ಬಸ್ಸು ಗಡಿಗೆ ನಿಂತ್ರ, ಅವರ ಸರಕಾರದ ಫೀ ಮಾಫಿ ಗಡಿ ದಾಟಿ ನಮ್ಮ ಮನಿಗೆ ಬರತೈತೇನು? ಇದನ್ನ ನಮ್ಮ ಮನ್ಯಾಗ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಊರು ಊರು ತಿರಗಿದ ಶಾಣೇಕಿ ನಾನು.

ಕಾಲೇಜು ಗಾಜಿನ ಕಟ್ಟಡ. ಒಳಗ ಎಷ್ಟು ತಂಪು ಅಂದ್ರ ನನ್ನ ಮಣೂಕ ಇಲ್ಲೇ ಇಡಬಹುದಿತ್ತು. ಕೌಂಟರಿನಾಗ ಕುಂತ ಹೆಣ್ಣುಮಗಳಿಗೆ ಮರಾಠಿಯಾಗ ಕೇಳಿದೆ, ಹುಡುಗ್ಯಾರ ಫೀ ಮಾಫಿ ನಮಗ ಐತೋ ಇಲ್ಲೋ. ಆಕಿ ಊರು ಕೇಳಿದಳು. ಹೇಳಿದೆ. ಆಧಾರ್ ನೋಡಿದಳು. ಅಜ್ಜಿ, ನಿಮ್ಮದು ಕರ್ನಾಟಕ, ಇಲ್ಲೇ ವಾಸ ಅಂತ ರಹಿವಾಸಿ ದಾಖಲೆ ಇದ್ದವರಿಗೆ ಅಷ್ಟ ಸವಲತ್ತು ಅಂದಳು. ನಿಮ್ಮ ಮನಿಷ್ಯಾ ನಮ್ಮ ಮನಿಗೆ ಬಂದು ಐತಿ ಅಂತ ಹೇಳಿ ರೊಕ್ಕ ಒಯ್ದಾನಲ್ಲವ್ವ ಅಂದೆ. ಅವರು ಕಾಲೇಜಿನ ನೌಕರರಲ್ಲ ಅಂದಳು. ಮತ್ತ ಯಾರು ಅಂದೆ. ಆಕಿ ನನ್ನ ಹಿಂದ ನಿಂತವರನ್ನ ಕರದಳು. ಆಕಿಗೂ ಪಗಾರ ಹದಿಮೂರು ಸಾವಿರ ಇರಬೇಕು. ಆಕಿನ್ನ ಬೈದು ಏನು ಉಪಯೋಗ.

ಸಿಟ್ಟಿಲೆ ತಿರಗಿ ಮೊಮ್ಮಗಳನ್ನ ನೋಡಿದೆ. ಆಕಿ ನೆಲ ನೋಡತಿದ್ದಳು. ಕೇಳಿ ಗಾಬರಿ ಆದವರ ಮುಖ ಅಲ್ಲ ಅದು. ಮೊದಲ ಗೊತ್ತಿದ್ದವರ ಮುಖ.

ಹೊರಗ ಕಬ್ಬಿನ ಹಾಲಿನ ಗಾಡಿ ಇತ್ತು. ಅಲ್ಲಿ ಬೆಂಚಿನ ಮ್ಯಾಲೆ ಕೂಡಿಸಿ, ನಿನಗ ಗೊತ್ತಿತ್ತಲ್ಲ ಅಂದೆ. ಎಂಟು ದಿನದ ಹಿಂದ ಗೊತ್ತಾತು ಅಂದಳು, ಫೋನಿನಾಗ ಓದಿದ್ದಳಂತ. ನನ್ನ ಮೈ ಉರದುಹೋತು. ನಾನು ಈ ವಯಸ್ಸಿನಾಗ ಮೊಣಕಾಲು ಎಳಕೊಂಡು ಮೂರು ಊರು ತಿರಗಾಕತ್ತಿದ್ರ ನೀನು ಬಾಯಿ ಮುಚ್ಚಿಕೊಂಡು ಕುಂತೀಯಲ್ಲ, ನಿನ್ನ ಅಪ್ಪ ನಾಳೆ ನನ್ನ ಬಾಕ್ಸ್ ಮಾರತಿದ್ದನಲ್ಲ ಅಂತ ಬಾಯಿಗೆ ಬಂದದ್ದು ಅಂದೆ. ಹಾಲು ಹಿಂಡಾವ ಗಾಣ ನಿಲ್ಲಿಸಿ ನೋಡಾಕತ್ತ. ಹುಡುಗಿ ಅಳಲಿಲ್ಲ. ಅದು ನಮ್ಮ ಮನಿತನದ ಗುಣ.

“ಹೇಳಿದ್ರ ಅಪ್ಪ ಸೀಟು ಬಿಡತಿದ್ದ ಬೇ,” ಅಂದಳು. “ಆಮ್ಯಾಲೆ ನನಗ ಏನು ಉಳಿತಿತ್ತು? ಆ ಡಿಗ್ರಿ ಹೆಂಗರ ಇರಲಿ ಆಯಿ. ಮೂರು ವರ್ಷ ಅಂತೂ ಸಿಗತಾವ.”

“ನನ್ನ ಮಣೂಕ ಮಾರಿಸಿ ಮೂರು ವರ್ಷ ಕೊಳ್ಳಾಕ ಹೊಂಟಿದ್ದಿ.”

“ಹೌದು,” ಅಂದಳು.

ಆ ಹೌದು ನನಗ ಹಿಡಿಸಿತು. ಗಾಜಿನ ಕಟ್ಟಡದಾಗ ಒಬ್ಬರೂ ಅಷ್ಟು ನೆಟ್ಟಗ ಮಾತಾಡಿರಲಿಲ್ಲ. ನನಗ ಹದಿನಾಲ್ಕಕ್ಕ ಲಗ್ನ ಆತು. ಆಗ ಒಂದು ವರ್ಷ ತಡೀರಿ ಅಂತ ಹೇಳಾಕ ನನಗ ಬಾಯಿ ಇರಲಿಲ್ಲ, ತಡದ್ರ ಏನು ಮಾಡತಿ ಅಂತ ಕೇಳಿದ್ರ ಹೇಳಾಕ ಮಾತೂ ಇರಲಿಲ್ಲ. ಈಕಿಗೆ ಎರಡೂ ಇದ್ದವು. ಆದ್ರೂ ಮೂರೂವರಿ ಲಕ್ಷ ಸುಂಕ ಕಟ್ಟಿ ಮೂರು ವರ್ಷ ಬದುಕಬೇಕಂತ. ಯಾರಿಗೆ ಸುಂಕ? ಸ್ವಂತ ಅಪ್ಪಗ ಸಮಾಧಾನ ಆಗಲಿ ಅಂತ ಯಾವನೋ ಕೋಟಿನವಗ.

ನಿನ್ನ ಮನಸಿನಾಗ ಏನೈತಿ ಅದನ್ನ ಹೇಳು, ಅಪ್ಪನ್ನ ಬಿಡು ಅಂದೆ. ರಾಯಬಾಗದ ಅಂಗಡಿ ಹುಡುಗಿ ಮಾಡೋ ಕೆಲಸ ಅಂದಳು. ಲೆಕ್ಕ, ಟ್ಯಾಕ್ಸು, ನಾಕಾರು ಅಂಗಡಿವು ಮನ್ಯಾಗ ಕುಂತೂ ಮಾಡಬಹುದು ಅಂತ. ಬಿ.ಕಾಂಗೆ ಅಥಣಿ ಸರಕಾರಿ ಕಾಲೇಜಿನ ಅರ್ಜಿ ನೋಡಿಟ್ಟಿದ್ದಳು. ಕಡೇ ದಿನ ಯಾವಾಗ ಅಂತ ಕೇಳಿದೆ. ನಾಳೆ ಅಂದಳು. ಇದನ್ನ ಅಪ್ಪಗ ಯಾಕ ಹೇಳಲಿಲ್ಲ ಅಂದೆ. ಒಂದು ಸಲ ಹೇಳಿದ್ದಳಂತ. ಸರಕಾರಿ ಕಾಲೇಜಿಗೆ ಕಳಿಸಾಕ ನಾನೇನು ದಿವಾಳಿ ಎದ್ದೀನೇನು ಅಂತ ಕೇಳಿದ್ದನಂತ.

ಮನಿಗೆ ಬಂದಾಗ ಹೊತ್ತು ಇಳಿದಿತ್ತು, ಸೊಸಿ ಎಮ್ಮಿ ಹಿಂಡಾಕ ಕುಂತಿದ್ದಳು. ಮಗನ್ನ ಹಿತ್ತಲಿಗೆ ಕರದು ಫೀ ಮಾಫಿ ಇಲ್ಲ ಅಂತ ಹೇಳಿದೆ. ಮಗ ಹೌಹಾರತಾನ, ಆ ಮನಿಷ್ಯಾನ ಬೈತಾನ ಅಂತ ತಿಳಕೊಂಡಿದ್ದೆ. ಅವ ಎಮ್ಮಿ ಮುಂದ ಒಂದು ಹಿಡಿ ಮೇವು ಒಗದ. ಆಮ್ಯಾಲೆ, ಇರಲಿ, ಪೂರಾ ತುಂಬೋಣ ಅಂದ.

ನಿಪ್ಪಾಣಿ ಹುಡುಗನ ಪಗಾರ ಹೇಳಿದೆ. ಚಿಕ್ಕೋಡಿ ಹುಡುಗಿ ಶೇಂಗಾ ಸುಲಿಯೋದು ಹೇಳಿದೆ. ಅವ ತಲಿ ಅಲ್ಲಾಡಿಸಿದ.

“ಅವ್ವ, ನಿನಗ ತಿಳಿಯಂಗಿಲ್ಲ. ನೌಕರಿ ಯಾರಿಗೆ ಬೇಕಾಗೈತಿ? ಆ ಕಾಲೇಜಿನ ಹೆಸರು ಬಯೋಡೇಟಾದಾಗ ಇದ್ರ ಬರೋ ವರಗಳೇ ಬ್ಯಾರೆ. ಸರಕಾರಿ ಕಾಲೇಜಿನ ಹೆಸರಿಗೆ ಯಾರು ಬರತಾರ?”

ನಾನು ಮೂರು ಊರು ತಿರಗಿ ಈ ಡಿಗ್ರಿಗೆ ನೌಕರಿ ಎಷ್ಟು, ಪಗಾರ ಎಷ್ಟು ಅಂತ ತೂಗಿ ಬಂದಿದ್ದೆ. ನನ್ನ ಮಗ ಅದನ್ನ ತಕ್ಕಡಿಗೇ ಹಾಕಿರಲಿಲ್ಲ. ಅವ ತೂಗತಿದ್ದದ್ದು ಅಳಿಯನ್ನ. ಚಿಕ್ಕೋಡಿ ಅತ್ತಿಯಂಥಾ ಅತ್ತಿ ಎಲ್ಲೋ ಕುಂತು ಡಿಗ್ರಿ ಇಲ್ಲದ ಹುಡುಗಿ ಬ್ಯಾಡ ಅಂತಾಳ, ಇಲ್ಲಿ ಇವ ಆಕಿ ಗ್ವಾಡಿಗೆ ಹಚ್ಚೋ ಫೋಟೊಕ್ಕ ನನ್ನ ಮಣೂಕ ಮಾರಾಕ ಹೊಂಟಾನ. ಹುಡುಗಿ ತಲ್ಯಾಗ ಏನು ಹೋತು, ಏನು ಉಳಿತು, ಅದು ಯಾರಿಗೂ ಬ್ಯಾಡ. ನನ್ನ ಹೊಟ್ಟ್ಯಾಗ ಹುಟ್ಟಿದವ ಇವ. ಇವಗ ನಾನು ಸರಕಾರಿ ಶಾಲ್ಯಾಗೇ ಓದಿಸೀನಿ.

“ನಿನಗ ಮಗಳು ಬೇಕಾಗಿಲ್ಲ,” ಅಂದೆ. “ಬಾಕ್ಸಿನ ಮ್ಯಾಲೆ ಹಚ್ಚೋ ಚೀಟಿ ಬೇಕಾಗೈತಿ. ಚೀಟಿಗೆ ಮೂರೂವರಿ ಲಕ್ಷ ನಾ ಕೊಡಂಗಿಲ್ಲ. ಆಕಿ ನಾಳೆ ಅಥಣಿಗೆ ಹೋಗತಾಳ.”

ಹಂಗಾದ್ರ ಶ್ರಾವಣ ಕಳೀಲಿ, ಮಂದಿನ್ನ ಕರಸತೀನಿ ಅಂದ. ಕರಸು ಅಂದೆ. ಬಂದವರಿಗೆ ಚಹಾ ನಾನೇ ಕೊಡತೀನಿ, ಈ ಹುಡುಗಿ ಓದು ಮುಗಿಯೋ ತನಕ ಲಗ್ನ ಇಲ್ಲ ಅಂತ ನಾನೇ ಹೇಳತೀನಿ. ಅಷ್ಟರ ಮ್ಯಾಲೂ ನೀನು ಮಾತು ಮುಂದಕ ಒಯ್ದ್ರ, ಆ ಎರಡು ಎಕರೆ ನಿನ್ನ ತಂಗಿ ಹೆಸರಿಗೆ ಬರದು ಆಕಿ ಮನಿಗೆ ಹೋಗಿ ಇರತೀನಿ. ಹೆದರಸತೀಯೇನು ಅಂದ. ಹೌದು ಅಂದೆ.

ಸೊಸಿ ನಮ್ಮ ಮನಿಗೆ ಬಂದು ಇಪ್ಪತ್ತೊಂದು ವರ್ಷ. ಗಂಡ, ಅತ್ತಿ ಜಗಳದಾಗ ಎಂದೂ ನಡುವ ಬಾಯಿ ಹಾಕಿದಾಕಿ ಅಲ್ಲ. ಅವತ್ತು ಎಮ್ಮಿ ಕೆಚ್ಚಲ ಬಿಟ್ಟು ಎದ್ದು ನಿಂತಳು. ಕೈಗೆ ಹತ್ತಿದ ನೊರಿ ಸೀರಿಗೆ ಒರಸಿಕೊಂಡು, ಗಂಡನ ಕಡೆ ನೋಡದ, ನನಗಷ್ಟ ಹೇಳಿದಳು.

“ನಾಳೆ ಮೊದಲನೇ ಬಸ್ಸಿಗೆ ಹೋಗ್ರಿ ಅತ್ತಿ. ಬುತ್ತಿ ನಾ ಕಟ್ಟತೀನಿ.”

ಮಗ ಆಕಿನ್ನ ನೋಡಿದ, ನನ್ನ ನೋಡಿದ, ಕಬ್ಬಿಗೆ ನೀರು ಬಿಡಬೇಕು ಅಂತ ಹೇಳಿ ಹೊಲಕ್ಕ ಹೋದ. ಅವತ್ತು ಕಬ್ಬಿನ ಹೊಲದ ಮೋಟರಿಗೆ ಕರೆಂಟೇ ಇರಲಿಲ್ಲ.

ಅರ್ಜಿಗೆ ಅಸಲು ಕಾಗದ ಬೇಕು, ಅವು ಕಾಗವಾಡದ ಖೋಲ್ಯಾಗ ಇದ್ದವು. ಮರುದಿನ ಮುಂಜಾನೆ ಆರೂವರಿ ಬಸ್ಸಿಗೆ ನಾನು, ಮೊಮ್ಮಗಳು ಹೋದೆವು. ಖೋಲಿ ಮುಚ್ಚಿತ್ತು. ಮೆಟ್ಟಲ ಮ್ಯಾಲೆ ಕುಂತೆವು. ಒಂಬತ್ತೂವರಿಗೆ ಆ ಮನಿಷ್ಯಾ ಬಂದ. ಕಾಗದ ಕೊಡು, ಹತ್ತು ಸಾವಿರ ನೀನೇ ಇಟ್ಟುಕೋ, ಅವಲಕ್ಕಿದೂ ಕೇಳಂಗಿಲ್ಲ ಅಂದೆ. ಹಂಗ ಬರಂಗಿಲ್ಲ ಅಜ್ಜಿ, ಸೀಟು ಬಿಡಬೇಕಾದ್ರ ಮೊದಲನೇ ವರ್ಷದ ಅರ್ಧಾ ಫೀ ತುಂಬಬೇಕು, ರೂಲ್ ಐತಿ ಅಂದ. ರೂಲ್ ಎಲ್ಲಿ ಬರದೈತಿ ತೋರಿಸು ಅಂದೆ. ತೋರಿಸಲಿಲ್ಲ. ಫೋನ್ ಹಿಡಕೊಂಡು ಒಳಗ ಹೋಗಿ ಕುಂತ.

ನಾನು ಬಾಗಲದಾಗ ಕುಂತೆ. ಸ್ವಲ್ಪ ಹೊತ್ತಿಗೆ ಅಪ್ಪ, ಮಗಳು ಮೆಟ್ಟಲ ಹತ್ತಿ ಬಂದ್ರು. ಯಾವ ಊರ್ರಿ ಅಂತ ಕೇಳಿದೆ. ಏಕಸಂಬಿ ಅಂದ್ರು. ಫೀ ಮಾಫಿ ಐತಿ ಅಂತ ಹೇಳ್ಯಾನೇನು ಅಂದೆ. ಹೌದ್ರಿ ಅಂದ್ರು. ಕೌಂಟರಿನಾಕಿ ಹೇಳಿದ ಮಾತು ಇದ್ದಂಗ ಹೇಳಿದೆ. ಆ ಅಪ್ಪ ಒಳಗ ಒಂದು ಸಲ ನೋಡಿದ, ಮಗಳ ಕೈ ಹಿಡಕೊಂಡು ಇಳದು ಹೋದ. ಆಮ್ಯಾಲೆ ಅಣ್ಣ, ತಂಗಿ ಬಂದ್ರು. ಅವರಿಗೂ ಹೇಳಿದೆ. ಅವರೂ ಇಳದ್ರು. ಮೂರನೇ ಸಲ ಮೆಟ್ಟಲಾಗ ಚಪ್ಪಲಿ ಸಪ್ಪಳ ಕೇಳಿದಾಗ ಅವ ಕಪಾಟು ತಗದು ಮೊಮ್ಮಗಳ ಫೈಲು ತಂದು ಆಕಿ ಕೈಯಾಗ ಇಟ್ಟ, ನನ್ನ ಮುಖ ನೋಡಲಿಲ್ಲ. ಎಲ್ಲಾ ಅಸಲು ಅದಾವೋ ಇಲ್ಲೋ ನೋಡು ಅಂತ ಅಲ್ಲೇ ನಿಂತು ಆಕಿ ಕೈಲೆ ತಗಿಸಿ ನೋಡಿಸಿದೆ. ಮೆಟ್ಟಲಾಗ ಬರತಿದ್ದವರಿಗೂ ಹೇಳಿ ಇಳದೆ.

ಅಥಣಿ ಬಸ್ಸಿನಾಗ ಕುಂಡ್ರಾಕ ಜಾಗ ಇರಲಿಲ್ಲ, ನಿಂತು ಹೋದೆವು. ಕಾಲೇಜಿನ ಕಿಟಕಿ ಮುಂದ ಸಾಲು. ಫೋಟೊ ಒಂದು ಕಡಿಮಿ ಬಿತ್ತು, ಓಡಿ ಹೋಗಿ ತಗಿಸಿಕೊಂಡು ಬಂದಳು. ಕಿಟಕಿ ಮುಚ್ಚಾಕ ಹತ್ತು ನಿಮಿಷ ಇರಾಗ ಆಕಿ ಅರ್ಜಿ ಒಳಗ ಹೋತು.